ಕೋಲಿಗೆ ಕೂಲಿ, ನೀರಿಗಲ್ಲ

ಬೆಳಕು ಹರಿಯುವ ಮೊದಲೇ ಕೂಸಪ್ಪ ಗುಡ್ಡದೊಳಗೆ ಹೋಗುತ್ತಾನೆ. ಹೊರಗೆ ಬೆಳಗಾದರೂ ಅವನಿಗೆ ಅದರಿಂದ ಉಪಯೋಗವಿಲ್ಲ. ಅವನು ಕೆಲಸ ಮಾಡುವ ಜಾಗಕ್ಕೆ ಹಗಲು ಬರುವುದಿಲ್ಲ. ಅಗಲ್ಪಾಡಿಯಿಂದ ಆಚೆ, ಬೋಳು ಗುಡ್ಡದ ಬದಿಯಲ್ಲಿ ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ದೊಡ್ಡ ತೂತು. ಅದರ ಕೊನೆಯಲ್ಲಿ ಅವನು ಕುಕ್ಕರಗಾಲಲ್ಲಿ ಕೂತು, ತೆಂಗಿನೆಣ್ಣೆಯ ದೀಪವನ್ನು ಗೋಡೆಯ ಗೂಡಿನಲ್ಲಿಟ್ಟು, ಉರಿ ಸಣ್ಣದಾಗುತ್ತದೆಯೇ ಎಂದು ನೋಡುತ್ತಾನೆ. ದೀಪಕ್ಕೆ ಉಸಿರು ಕಟ್ಟಿದರೆ ಸ್ವಲ್ಪ ಹೊತ್ತಿನಲ್ಲಿ ಅವನಿಗೂ ಕಟ್ಟುತ್ತದೆ. ದೀಪ ಉರಿಯುತ್ತಿದೆ. ಪಿಕ್ಕಾಸಿನ ಮೊದಲ ಪೆಟ್ಟು ಬೀಳುತ್ತದೆ.

ಬಾವಿ ತೋಡಿದರೆ ಗಟ್ಟಿ ಮುರಕಲ್ಲೇ ಸಿಗುವ ಈ ಸೀಮೆಯಲ್ಲಿ ನೀರನ್ನು ಕೆಳಗೆ ಹುಡುಕುವುದಿಲ್ಲ, ಅಡ್ಡಕ್ಕೆ ಹುಡುಕುತ್ತಾರೆ. ಗುಡ್ಡದ ಹೊಟ್ಟೆಗೆ ಸುರಂಗ ಕೊರೆದು, ಒಸರು ಸಿಕ್ಕಿದಲ್ಲಿಂದ ನೀರು ತಾನಾಗಿ ಅಂಗಳಕ್ಕೆ ಹರಿಯುವಂತೆ ಮಾಡುತ್ತಾರೆ. ಸೋದರಮಾವ ಬಟ್ಯನ ಹಿಂದೆ ಮಣ್ಣು ಹೊರುತ್ತ ಹೊರುತ್ತ ಕೂಸಪ್ಪ ಈ ಕೆಲಸ ಕಲಿತ. ಮಾವ ಹೋದ, ಅವನ ಪಿಕ್ಕಾಸು ಮತ್ತು ಅವನ ಕೆಮ್ಮು ಅಳಿಯನಿಗೆ ಬಂದವು. ಈಗ ಅವನ ಹಿಂದೆ ಮಣ್ಣು ಹೊರುವವಳು ಹೆಂಡತಿ ಕಿನ್ನಿ. ತುಂಬಿದ ಬುಟ್ಟಿಯನ್ನು ಎದೆಗೆ ಅವಚಿಕೊಂಡು ಬಗ್ಗಿ ಹೊರಗೆ ಬರುತ್ತಾಳೆ, ಅಲ್ಲಿ ತಲೆಗೇರಿಸಿ ತಗ್ಗಿಗೆ ಒಯ್ದು ಸುರಿಯುತ್ತಾಳೆ, ಮತ್ತೆ ಬಗ್ಗುತ್ತಾಳೆ.

ಕೂಲಿ ಕೋಲಿನ ಲೆಕ್ಕದಲ್ಲಿ. ಎರಡೂವರೆ ಅಡಿಯ ಒಂದು ಬಿದಿರು. ಸುರಂಗದೊಳಗೆ ಅದು ಎಷ್ಟು ಸಲ ಮಲಗುತ್ತದೋ ಅಷ್ಟು ಕೂಲಿ. ಮಣ್ಣು ಹೊರುವುದು ಅದರಲ್ಲೇ ಸೇರಿತು. ನೀರು ಬಂದರೆ ಮೇಲಿಂದ ಉಡಲು ಒಂದು ಮುಂಡು, ಒಂದು ತೆಂಗಿನಕಾಯಿ. ಸ್ವಾತಂತ್ರ್ಯ ಬಂದ ವರ್ಷ ಕೋಲಿನ ದರ ನಾಲ್ಕಾಣೆ ಏರಿತ್ತು. ಆಮೇಲೆ ಅಕ್ಕಿ ಏರಿತು, ಕೋಲು ಅಲ್ಲೇ ನಿಂತಿತು.

ಈ ಲೆಕ್ಕದೊಳಗೆ ಒಂದು ಕುಹಕ ಉಂಟು. ಬದಿಯಡ್ಕದ ಕಡೆಯ ಉಗ್ಗಪ್ಪ ಒಣ ಗುಡ್ಡದಲ್ಲಿ ವರ್ಷವಿಡೀ ಕೊರೆದು ಮನೆಗೆ ಹಂಚು ಹಾಕಿಸಿದ. ಕೂಸಪ್ಪನಿಗೆ ಬೇಗ ನೀರು ಸಿಗುತ್ತದೆ, ಕೋಲು ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ ಜನ ಅವನನ್ನು ಹುಡುಕಿಕೊಂಡು ಬರುತ್ತಾರೆ, ಅದಕ್ಕೇ ಅವನ ಮಾಡು ಇನ್ನೂ ಮುಳಿಹುಲ್ಲಿನದು. ಕಳೆದ ಮಳೆಗಾಲ ಅದೂ ಕೊಳೆತು, ಗಂಡ ಹೆಂಡತಿ ಒಂದು ಮೂಲೆಯಲ್ಲಿ ಕೂತೇ ರಾತ್ರಿ ಕಳೆದರು. ಈ ಸಲ ಮಳೆಗೆ ಮುಂಚೆ ಹೊಸ ಹುಲ್ಲು ಹೊದಿಸಲೇಬೇಕು. ಅದಕ್ಕೆ ಈ ಸುರಂಗ ಉದ್ದ ಹೋಗಬೇಕು.

"ಇವತ್ತು ಬುಟ್ಟಿ ಭಾರ ಉಂಟಲ್ಲ," ಎಂದು ಕಿನ್ನಿ ಕತ್ತಲಲ್ಲಿ ಹೇಳುತ್ತಾಳೆ.

"ನಿನಗೆ ಪ್ರಾಯ ಆಯ್ತು."

"ಪ್ರಾಯ ಆದದ್ದು ಬಲಗಡೆಯ ಮಣ್ಣಿಗೆ ಮಾತ್ರವಾ?"

ಕೂಸಪ್ಪ ಬಲಗೋಡೆಗೆ ಅಂಗೈ ಇಡುತ್ತಾನೆ. ಗೋಡೆ ತಣ್ಣಗೆ ಬೆವರುತ್ತಿದೆ. ಅತ್ತ ತಿರುಗಿದರೆ ಮೂರು ಕೋಲಿನೊಳಗೆ ನೀರು. ನೇರ ಹೋದರೆ ಒಣ ಮಣ್ಣು, ಮಳೆಯವರೆಗೂ ಕೂಲಿ.

"ನೇರ ಹೋಗಿ ಮಾರಾಯ್ರೇ," ಎನ್ನುತ್ತಾಳೆ ಕಿನ್ನಿ. "ಸುರಂಗಕ್ಕೆ ಬಾಯಿ ಉಂಟು, ನಾಲಗೆ ಇಲ್ಲ."

ಮಧ್ಯಾಹ್ನ ಅವನು ಗುಡ್ಡದ ಬುಡದ ಮನೆಗೆ ಹೋಗುತ್ತಾನೆ. ಸುರಂಗ ತೋಡಿಸುತ್ತಿರುವವರು ತಿರುಮಲೇಶ್ವರ ಭಟ್ಟರು. ಕೆಲಸದವರ ಬಾಯಲ್ಲಿ ಅಣ್ಣೇರು. ಕೆಟ್ಟವರಲ್ಲ, ಗಂಜಿಗೆ ಹೊತ್ತು ಮೀರಿಸುವವರಲ್ಲ.

"ಅಣ್ಣೇರೇ, ಈ ಸಲ ಕೋಲು ಬೇಡ. ನೀರು ಬಂದ್ರೆ ನೀರಿಗೆ ಅಂತ ಏನಾದರೂ ಕೊಡಿ."

"ನೀರಿಗೆ ಎಂತ ಲೆಕ್ಕ ಮಾರಾಯ? ಕೊಡಪಾನಕ್ಕೆ ಇಷ್ಟು ಅಂತಲಾ?"

"ಕೋಲು ಕಡಿಮೆ ಆದಷ್ಟು ನಿಮಗೆ ಲಾಭ. ನನಗೆ..."

"ಮೂಡು ಬದಿಯಲ್ಲಿ ಉಗ್ಗಪ್ಪ ತೋಡಿದ್ದರಲ್ಲಿ ಒಂದು ಹನಿ ಬರಲಿಲ್ಲ. ನಾನು ಅವನ ಕೂಲಿ ಹಿಡಿದೆನಾ? ನೀರು ಬಂದಾಗ ಹೆಚ್ಚು ಕೊಡಿ ಅಂತೀಯಲ್ಲ, ಬಾರದಿದ್ದಾಗ ನೀನು ಬಿಟ್ಟುಕೊಡ್ತೀಯಾ?"

ಭಟ್ಟರು ಹೇಳಿದ್ದರಲ್ಲಿ ಸುಳ್ಳಿಲ್ಲ. ಕೂಸಪ್ಪನನ್ನು ಸುಸ್ತು ಮಾಡುವುದು ಅದೇ. ಎದುರಿನವನು ಅನ್ಯಾಯದ ಮಾತಾಡಿದ್ದರೆ ಸಿಟ್ಟನ್ನಾದರೂ ಹೊತ್ತು ಮರಳಬಹುದಿತ್ತು. ಅಂಗಳದ ಬದಿಯಲ್ಲಿ ಭಟ್ಟರ ಹೆಂಡತಿ ವಸುಮತಿಯಮ್ಮ ಕೆಳಗೆ ಹರಿಯುವ ತೋಡಿನಿಂದ ನೀರು ಹೊತ್ತು ಹತ್ತಿ ಬರುತ್ತಾರೆ. ಕೊಡಪಾನವನ್ನು ಸೊಂಟದಿಂದ ಸೊಂಟಕ್ಕೆ ಬದಲಿಸಿ, "ಕೂಸಪ್ಪ, ಬಂತಾ?" ಎಂದು ಕೇಳುತ್ತಾರೆ. ದಿನಾ ಕೇಳುವ ಮಾತೇ.

"ಬರ್ತದೆ ಅಮ್ಮ," ಎನ್ನುತ್ತಾನೆ. ಹೇಳಿಯಾದ ಮೇಲೆ, ಹೇಳಬಾರದಿತ್ತೇನೋ ಎನಿಸುತ್ತದೆ.

ಒಳಗೆ ಬಂದು ದೀಪ ಹಚ್ಚುತ್ತಾನೆ. ಕಿನ್ನಿ ಬುಟ್ಟಿಗೆ ಮಣ್ಣು ತುಂಬುತ್ತಿದ್ದಾಳೆ. ದೀಪದ ಬೆಳಕು ಅವಳ ಕುತ್ತಿಗೆಯ ಮೇಲೆ ಬೀಳುತ್ತದೆ. ಹೊತ್ತು ಹೊತ್ತು ಅದು ಒಂದು ಬದಿಗೆ ವಾಲಿಬಿಟ್ಟಿದೆ. ಕೂಸಪ್ಪ ಅದನ್ನು ನೋಡಿ, ಪಿಕ್ಕಾಸನ್ನು ಬಲಗೋಡೆಗೆ ಹಾಕುತ್ತಾನೆ.

"ಅತ್ತ ಯಾಕೆ? ಮಾಡಿಗೆ ಹುಲ್ಲು ಅಣ್ಣೇರು ಹಾಕ್ತಾರಾ?"

"ನೇರ ಹೋದ್ರೆ ಮಳೆಯವರೆಗೂ ಮಣ್ಣು. ಹೊರುವುದು ನಾನಲ್ಲವಲ್ಲ."

"ಸೋರುವಾಗ ನೆನಪಿರಲಿ," ಎಂದು ಗೊಣಗಿ ಕಿನ್ನಿ ಬುಟ್ಟಿ ಎತ್ತುತ್ತಾಳೆ.

ಮೂರನೆಯ ದಿನ ನೀರು ಒಡೆಯುತ್ತದೆ. ಮೊದಲು ಕೆಸರು, ಸಂಜೆಗೆ ತಿಳಿ. ಭಟ್ಟರೇ ಬಗ್ಗಿ ಒಳಗೆ ಹೋಗಿ ಕೋಲು ಮಲಗಿಸಿ ಅಳೆಯುತ್ತಾರೆ, ಒಂದು ಕೋಲೂ ಕಡಿಮೆ ಹಿಡಿಯುವುದಿಲ್ಲ. ಮುಂಡು, ತೆಂಗಿನಕಾಯಿ ಕೊಡುತ್ತಾರೆ. ವಸುಮತಿಯಮ್ಮ ಸುರಂಗದ ಬಾಯಲ್ಲಿ ಅಡಿಕೆಮರ ಸೀಳಿ ಮಾಡಿದ ದಂಬೆಯ ಕೆಳಗೆ ಕೊಡಪಾನ ಇಟ್ಟು, ಅದು ತುಂಬುವುದನ್ನು ಸುಮ್ಮನೆ ನಿಂತು ನೋಡುತ್ತಾರೆ. ಸುಮ್ಮನೆ ನಿಲ್ಲುವುದು ಅವರಿಗೂ ಹೊಸತು. ಕೂಲಿಯಲ್ಲಿ ಮಾಡಿನ ಅರ್ಧಕ್ಕೆ ಹುಲ್ಲು ಬಂದೀತು.

"ಬಿಸಿಲಿಗೆ ಒಣಗುವ ನೀರಲ್ಲ ಇದು," ಎಂದು ಕೂಸಪ್ಪ ಮಾತ್ರ ಕೇಳಿದವರಿಗೆಲ್ಲ ಹೇಳುತ್ತಾನೆ. "ನಾನು ಹೋದ ಮೇಲೂ ಇರ್ತದೆ."

ಹೊಸ ಮುಂಡನ್ನು ಅವನು ಕಿನ್ನಿಯ ಕೈಗೆ ಕೊಡುತ್ತಾನೆ. ಅವಳು ಅದನ್ನು ಸಿಂಬಿ ಸುತ್ತಿ ತಲೆಗಿಟ್ಟು ನೋಡಿ, ಮೆತ್ತಗುಂಟು ಎನ್ನುತ್ತಾಳೆ. ನಾಳೆ ಬೇರೆ ಗುಡ್ಡ. ಹೊನ್ನಯ್ಯನವರ ಮನೆಯಿಂದ ಕರೆ ಬಂದಿದೆ. ಕೂಸಪ್ಪನಿಗೆ ದೈವದ ಹತ್ತಿರ ಬೇಡಿಕೊಳ್ಳಲಿಕ್ಕೆ ಒಂದೇ ಒಂದು ಉಂಟು.

"ಅಲ್ಲಿ ನೀರು ಇರಲಿ," ಎನ್ನುತ್ತಾನೆ. "ಆದ್ರೆ ಸ್ವಲ್ಪ ದೂರ ಇರಲಿ."

"ದೂರ ಇದ್ರೆ ಮಾಡು ಉಳೀತದೆ, ಹತ್ತಿರ ಇದ್ರೆ ನನ್ನ ಕುತ್ತಿಗೆ," ಎಂದು ಕಿನ್ನಿ ಖಾಲಿ ಬುಟ್ಟಿಯನ್ನು ತಲೆಗೇರಿಸುತ್ತಾಳೆ. "ಸರಿಯಾಗಿ ಯೋಚನೆ ಮಾಡಿ ಕೇಳಿ. ಎರಡೂ ಬೇಕು ಅಂದ್ರೆ ದೈವವೂ ಕೋಲು ಹಿಡ್ಕೊಂಡು ಬಂದೀತು."