ಬಾಯಿಪಾಠದ ಕಣ್ಣು

ಹದಿನಾರು ವರ್ಷಗಳಿಂದ ಅವಳು ಕಣ್ಣಿನ ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ ಜನರ ದೃಷ್ಟಿ ಅಳೆಯುತ್ತಿದ್ದಳು. ಗೋಡೆಯ ಮೇಲೊಂದು ಪಟ. ಅದರಲ್ಲಿ ಕೆಳಕ್ಕೆ ಹೋದಂತೆ ಸಣ್ಣದಾಗುವ, ಇಂಗ್ಲಿಷಿನ E ಅಕ್ಷರವನ್ನು ಅತ್ತಿತ್ತ ತಿರುಗಿಸಿದಂಥ ಮೂರು ಹಲ್ಲಿನ ಗುರುತುಗಳು. ಹಲ್ಲು ಯಾವ ಕಡೆಗಿದೆ ಎಂದು ಹೇಳಿದರಾಯಿತು. ಆದರೆ ಬಲಗಣ್ಣಿನಲ್ಲಿ ಓದಿದ್ದನ್ನೇ ಜನ ಎಡಗಣ್ಣಿನ ಸರದಿಯಲ್ಲೂ ಗಿಣಿಪಾಠ ಒಪ್ಪಿಸಿಬಿಡುತ್ತಿದ್ದರು. ಅದನ್ನು ಮೋಸವೆನ್ನಲಾಗದು, ನೆನಪು ಯಾರೂ ಕರೆಯದೆಯೇ ಕಣ್ಣಿನ ಕೆಲಸಕ್ಕೆ ಕೈಹಾಕುತ್ತದೆ. ಫಲಿತಾಂಶ ಮಾತ್ರ ಹಳ್ಳ ಹಿಡಿಯುತ್ತದೆ.

ಹೀಗಾಗಿ ನಲವತ್ತಮೂರನೆಯ ವಯಸ್ಸಿನಲ್ಲಿ ಅವಳು ಪ್ರೋಗ್ರಾಮಿಂಗ್ ಕಲಿಯಲು ಕುಳಿತಳು. ಪ್ರತಿ ಸಲವೂ ಗುರುತುಗಳನ್ನು ಕಲಸಿ ಫೋನಿನಲ್ಲಿ ತೋರಿಸುವ ಆ್ಯಪ್ ಒಂದನ್ನು ಬರೆದಳು. ಡಾಕ್ಟರಮ್ಮ ಮೂಗು ಮುರಿಯಲಿಲ್ಲ, ತಲೆಯನ್ನೂ ಆಡಿಸಲಿಲ್ಲ. "ಸೋಮವಾರ ಬಸ್ ಡ್ರೈವರುಗಳ ತಪಾಸಣೆ ಇದೆ. ಇದು ಒಂದೇ ಒಂದು ತಪ್ಪು ಮಾಡಿದ್ರೂ ಮತ್ತೆ ಗೋಡೆಯ ಪಟವೇ ಗತಿ," ಎಂದರು.

ಮನೆಯಲ್ಲಿ ಮೊದಲು ಕೈಗೆ ಸಿಕ್ಕವರು ಅತ್ತೆ. ಬಲಗಣ್ಣು ಮುಗಿದ ಮೇಲೆ ಅವಳು 'ಮತ್ತೆ ಶುರು' ಗುಂಡಿ ಒತ್ತಿದಳು.

"ಮೇಲೆ, ಎಡ, ಎಡ, ಕೆಳಗೆ," ಎಂದರು ಅತ್ತೆ, ಎರಡೂ ಕಣ್ಣು ಮುಚ್ಚಿಕೊಂಡು. "ಸರಿ ತಾನೆ? ನನಗೆ ಕಣ್ಣೇ ಬೇಡ ನೋಡು!"

ಅವಳ ಮುಖ ಸಪ್ಪಗಾಯಿತು. ಗುಂಡಿ ಉತ್ತರಗಳನ್ನಷ್ಟೇ ಅಳಿಸುತ್ತಿತ್ತು. ಗುರುತುಗಳನ್ನು ಕಲಸುವ ಪ್ರೋಗ್ರಾಮಿನ ಸಾಲು ಪರದೆ ತೆರೆದುಕೊಳ್ಳುವಾಗ ಒಮ್ಮೆ ಮಾತ್ರ ನಡೆಯುತ್ತಿತ್ತು. ಹಾಗಾದರೆ ಪರದೆಯನ್ನೇ ಹೊಸದಾಗಿ ತೆರೆಯಬೇಕೆಂದು ತಿದ್ದಿದಳು. ಗುರುತುಗಳು ಬದಲಾದವು. ಅತ್ತೆ ಸುಮ್ಮನಿರದೆ, ಹಿಂದಕ್ಕೆ ಹೋಗುವ ಗುಂಡಿ ಒತ್ತಿದರು.

"ಅಯ್ಯೋ, ಹಳೇದು ಇಲ್ಲೇ ಅಡಗಿ ಕೂತಿದೆ ಕಣೇ!"

ಹೊಸ ಪರದೆ ಹಳೆಯದರ ಬೆನ್ನೇರಿತ್ತು, ಅಷ್ಟೆ. ಹತ್ತು ಸಲ ಒತ್ತಿದರೆ ಹತ್ತು ಪರದೆಗಳು. ಭಾನುವಾರ ಮಧ್ಯಾಹ್ನ ಅವಳು, ಹೊಸದನ್ನು ತೆರೆಯುವ ಸಾಲಿನ ಜೊತೆಗೆ ಹಳೆಯದನ್ನು ಮುಚ್ಚುವ ಇನ್ನೊಂದು ಸಾಲು ಸೇರಿಸಿದಳು. ಆದರೂ ನಂಬಲಿಲ್ಲ. ಐವತ್ತು ಸಲ ಒತ್ತಿ, ಐವತ್ತು ಸಲ ಹಿಂದಕ್ಕೆ ಹೋಗಿ, ಕಾಗದದ ಮೇಲೆ ಗೀಟು ಹಾಕುತ್ತ ಹೋದಳು. ಹಳೆಯದು ಒಮ್ಮೆಯೂ ತಲೆಯೆತ್ತಲಿಲ್ಲ.

ಸೋಮವಾರ ಏಳನೆಯವರಾಗಿ ಬಂದ ಡ್ರೈವರು ದೊಡ್ಡ ದನಿಯ, ನಗುಮುಖದ ಮನುಷ್ಯ. ಬಲಗಣ್ಣು ಚೊಕ್ಕವಾಗಿತ್ತು. ಎಡಗಣ್ಣಿಗೆಂದು ಅವಳು ಗುಂಡಿ ಒತ್ತಿದಳು. ಅವರು ನೀರು ಕುಡಿದಷ್ಟು ಸಲೀಸಾಗಿ ಹೇಳಿದರು: "ಬಲ, ಬಲ, ಮೇಲೆ, ಎಡ, ಕೆಳಗೆ."

"ಅಣ್ಣಾ, ಅದು ಬಲಗಣ್ಣಿಗೆ ತೋರಿಸಿದ್ದು, ಆಗಲೇ ಹೋಯ್ತು. ಈಗ ಇರೋದನ್ನ ಹೇಳಿ."

"ಏನಮ್ಮಾ, ಇಪ್ಪತ್ತು ವರ್ಷದಿಂದ ಪಾಸಾಗ್ತಿದ್ದೀನಿ! ನಿಮ್ಮ ಫೋನೇ ಕೆಟ್ಟಿರಬೇಕು."

ಡಾಕ್ಟರಮ್ಮ ಕುರ್ಚಿಯಿಂದ ಎದ್ದು ಬಂದರು. ಅವಳು ಗುಂಡಿಯನ್ನು ಮತ್ತೆ ಒತ್ತಿದಳು. ಡ್ರೈವರು ಕತ್ತು ಚಾಚಿದರು, ಕಣ್ಣು ಕಿರಿದು ಮಾಡಿದರು, ಕೊನೆಗೆ ದನಿ ಇಳಿಸಿ, "ಎಲ್ಲಾ ಮಂಜು ಮಂಜು," ಎಂದರು.

ಪರೀಕ್ಷೆಯ ಕನ್ನಡಕಕ್ಕೆ ಗಾಜೊಂದನ್ನು ಸಿಕ್ಕಿಸಿ, ಅವರಿಗೆ ತೊಡಿಸಿ, ಅವಳು ಮೂರನೆಯ ಸಲ ಒತ್ತಿದಳು. ಈ ಬಾರಿ ಅವರು ತಡವರಿಸುತ್ತ, ಒಂದೊಂದನ್ನೇ ನೋಡಿ, ಐದನ್ನೂ ಸರಿಯಾಗಿ ಓದಿದರು. "ಅಬ್ಬಾ! ಬಸ್ಸಿನ ಎಡಗಡೆ ಕನ್ನಡೀನ ಇಷ್ಟು ದಿನ ಅಂದಾಜಿನ ಮೇಲೇ ನೋಡ್ತಿದ್ದೆನಲ್ಲ! ಯಾರು ಮಾಡಿದ್ದು ಇದನ್ನ?"

"ನಾನೇ ಬರೆದದ್ದು," ಎಂದಳು ಅವಳು, ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ.

ಡಾಕ್ಟರಮ್ಮ ಹಳೆಯ ತಪಾಸಣೆಗಳ ಪುಸ್ತಕ ತೆರೆದರು. "ಹೋದ ವರ್ಷ ಪಾಸ್ ಮಾಡಿ ಕಳಿಸಿದೋರನ್ನೂ ಮತ್ತೆ ಕರೆಸ್ಬೇಕಲ್ಲೇ."

"ಕರೆಸಿ ಮೇಡಂ," ಎಂದು ಅವಳು ಬೆನ್ನು ನೆಟ್ಟಗೆ ಮಾಡಿ, ಬಾಗಿಲ ಕಡೆ ತಿರುಗಿ ಎಂಟನೆಯವರನ್ನು ಕರೆದಳು.