ಗೋಡೆಯ ಚಿತ್ರದಲ್ಲೊಂದು ಬಾಣ

ಆ ಕಚೇರಿಯ ಹಜಾರದ ಗೋಡೆಯ ತುಂಬ ಒಂದು ಚಿತ್ರ. ಚಿತ್ರದಲ್ಲಿ ಚೌಕಗಳು, ಚೌಕದಿಂದ ಚೌಕಕ್ಕೆ ಬಾಣಗಳು. ಒಂದೊಂದು ಚೌಕವೂ ಕಂಪ್ಯೂಟರಿನ ಒಂದೊಂದು ಸೇವೆಯಂತೆ. ಒಂದು ಕೇಳುತ್ತದಂತೆ, ಇನ್ನೊಂದು ಉತ್ತರ ಕೊಡುತ್ತದಂತೆ, ನಡುವೆ ಮನುಷ್ಯರ ಕೈ ಸೋಕುವುದೇ ಇಲ್ಲವಂತೆ. ಹೀಗೆಂದು ದೊಡ್ಡ ಸಾಹೇಬರು ಬಂದವರಿಗೆಲ್ಲ ಕೋಲು ಹಿಡಿದು ಹೇಳುತ್ತಿದ್ದರು. ಪುಣ್ಯಾತ್ಮನಿಗೆ ತನ್ನ ಮೇಜಿನ ಕಂಪ್ಯೂಟರು ಶುರು ಮಾಡಲೂ ಇನ್ನೊಬ್ಬರು ಬೇಕು. ಮಾತು ಮಾತ್ರ ಮೂರು ಲೋಕದ್ದು.

ಬಾಣಗಳೆಲ್ಲ ನಿಜವೇ, ಒಂದನ್ನು ಬಿಟ್ಟು. ಆಸ್ಪತ್ರೆಯಿಂದ ಬಂದ ಅರ್ಜಿ ಮೊದಲು ನಿವಾಸಿಗಳ ದಾಖಲೆಗೆ ಹೋಗಬೇಕು, ಅಲ್ಲಿಂದ ಚಿಕಿತ್ಸೆಯ ನೆರವಿಗೆ. ಈ ಎರಡು ಚೌಕಗಳು ಎತ್ತು ಏರಿಗೆ, ಕೋಣ ನೀರಿಗೆ ಎಂಬ ಜಾತಿಯವು. ಒಂದರಲ್ಲಿ ಹೆಸರು ಒಂದೇ ಸಾಲು, ಇನ್ನೊಂದರಲ್ಲಿ ಮೂರು ತುಂಡು. ಮೂರು ತಿಂಗಳಲ್ಲಿ ಜೋಡಿಸಿಕೊಡುತ್ತೇನೆ ಎಂದಿದ್ದ ಗುತ್ತಿಗೆದಾರ ಅತ್ತ ಹೋದವನು ಇತ್ತ ತಲೆ ಹಾಕಲಿಲ್ಲ. ಅಲ್ಲಿಯವರೆಗೆ ಇರಲಿ ಎಂದು ಒಬ್ಬ ಹೆಂಗಸನ್ನು ಕೂರಿಸಿದರು. ಆ 'ಅಲ್ಲಿಯವರೆಗೆ'ಗೆ ಈಗ ಹನ್ನೊಂದು ವರ್ಷ.

ಹಜಾರದ ಹಿಂದೆ, ಜನರೇಟರ್ ಪಕ್ಕ, ಕಿಟಕಿಯಿಲ್ಲದ ಕೋಣೆ. ಎರಡು ಕಂಪ್ಯೂಟರು, ಕಾಲಿಗೆ ಉರುಳೆ ಇರುವ ಒಂದು ಕುರ್ಚಿ. ಎಡಗಡೆಯದರಲ್ಲಿ ಓದುವುದು, ಕುರ್ಚಿ ಉರುಳಿಸುವುದು, ಬಲಗಡೆಯದರಲ್ಲಿ ಟೈಪು ಹೊಡೆಯುವುದು. ನೆಲದಲ್ಲಿ ಉರುಳೆಯ ಗೀರು ಬಿದ್ದು ಸವೆದಿತ್ತು. ಮನೆ ನಂಬರು ಬೀದಿಯ ಸಾಲಿನಲ್ಲಿ ಅಡಗಿದ್ದರೆ ಹೆಕ್ಕಬೇಕು, ಗಂಡನ ಹೆಸರು ತಂದೆಯ ಜಾಗದಲ್ಲಿ ಕೂತಿದ್ದರೆ ಎಬ್ಬಿಸಬೇಕು. ಅದು ಅವಳಿಗಲ್ಲದೆ ಇನ್ನಾರಿಗೂ ಬಾರದು. ಬಾಗಿಲ ಕಾವಲುಗಾರ ಒಮ್ಮೆ ಚಿತ್ರ ನೋಡಿ, "ಹಾಗಾದ್ರೆ ಈ ಬಾಣ ನೀವೇ ಅಲ್ವೇನಮ್ಮಾ?" ಎಂದ. ಅಂದಿನಿಂದ ಅವಳು ಬಾಣದಮ್ಮ.

ಮನೆಯಲ್ಲಿ ಮಾತ್ರ ಅವಳು ತನ್ನ ಕೆಲಸ ಏನೆಂದು ಬಿಡಿಸಿ ಹೇಳಿರಲಿಲ್ಲ. ಮದುವೆಯಾಗದ ಇಬ್ಬರು ಅಕ್ಕತಂಗಿಯರು, ಎರಡು ಕೋಣೆಯ ಬಾಡಿಗೆ ಮನೆ. ಅಕ್ಕ ಬಟ್ಟೆ ಹೊಲಿದು ತಂಗಿಯನ್ನು ಓದಿಸಿದವಳು. ಓದಿದ್ದೆಲ್ಲ ಅಲ್ಲಿ ನೋಡಿ ಇಲ್ಲಿ ಹೊಡೆಯುವುದಕ್ಕೆ ಎಂದರೆ ಅಕ್ಕನ ಮುಖ ನೋಡುವುದು ಹೇಗೆ? "ಕಂಪ್ಯೂಟರ್ ಕೆಲಸ" ಎಂದು ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದಳು.

ಒಂದು ಬೆಳಿಗ್ಗೆ ಅಕ್ಕ ಸೂಜಿಗೆ ದಾರ ಪೋಣಿಸಲು ಕೂತವಳು, "ಬಲಗಣ್ಣಿಗೆ ಪರದೆ ಇಳಿದ ಹಾಗಾಗ್ತಿದೆ ಕಣೇ" ಎಂದಳು. ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿಗೆ ದೀಪ ಬಿಟ್ಟು ನೋಡಿ, "ಒಳಗಿನ ಪೊರೆ ಕಿತ್ತುಬರ್ತಿದೆ. ನಾಲ್ಕು ಗಂಟೆಗೆ ಆಪರೇಷನ್ ಥಿಯೇಟರ್ ಖಾಲಿಯಿದೆ. ಇವತ್ತು ತಪ್ಪಿದ್ರೆ ಈ ಕಣ್ಣಿನ ಆಸೆ ಬಿಡಿ" ಎಂದರು. ಚಿಕಿತ್ಸೆಯ ನೆರವಿನ ಅರ್ಜಿ ಹನ್ನೊಂದು ಗಂಟೆಗೆ ಹೋಯಿತು. ಒಪ್ಪಿಗೆ ಬಂದರೆ ಒಳಗೆ, ಇಲ್ಲದಿದ್ದರೆ ಇಲ್ಲ.

ಬಾಣದಮ್ಮ ರಜೆ ಕೇಳಿದಾಗ ಸಾಹೇಬರು ಫೋನಿನಲ್ಲೇ ಧಾರಾಳವಾಗಿ ಕೊಟ್ಟಿದ್ದರು. "ಹೋಗಿ, ಹೋಗಿ. ಇಲ್ಲಿ ಎಲ್ಲ ತಾನಾಗೇ ನಡೆಯುತ್ತೆ." ಗೋಡೆಯ ಚಿತ್ರವನ್ನು ತೋರಿಸಿ ತೋರಿಸಿ ಆತ ತಾನೇ ಅದನ್ನು ನಂಬಿಬಿಟ್ಟಿದ್ದ. ಸುಳ್ಳು ಹೇಳುವವನನ್ನಾದರೂ ಸಹಿಸಬಹುದು, ತನ್ನ ಸುಳ್ಳನ್ನು ತಾನೇ ನಂಬಿದ ಪೆದ್ದನನ್ನು ಏನು ಮಾಡುವುದು?

ಅಕ್ಕನನ್ನು ತಪಾಸಣೆಯಿಂದ ತಪಾಸಣೆಗೆ ಕರೆದೊಯ್ಯುವುದರಲ್ಲೇ ಹೊತ್ತು ಹೋಗಿ, ಎರಡೂವರೆಯಾದರೂ ಆಸ್ಪತ್ರೆಯ ಗುಮಾಸ್ತ, "ಪರಿಶೀಲನೆಯಲ್ಲಿದೆ ಅಂತ ತೋರಿಸ್ತಿದೆ" ಎನ್ನುತ್ತಲೇ ಇದ್ದ. ಪರಿಶೀಲನೆ ಎಂದರೆ ಏನೆಂದು ಆ ವರಾಂಡದಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಅದು ಅವಳ ಖಾಲಿ ಕುರ್ಚಿ.

ಸಾಹೇಬರಿಗೆ ಫೋನು ಮಾಡಿದಳು. "ಗೆಸ್ಟ್ ಬಂದಿದ್ದಾರೆ. ಸಿಸ್ಟಮ್ ನೋಡ್ಕೊಳ್ಳುತ್ತೆ, ಸ್ವಲ್ಪ ತಾಳ್ಮೆ ಇರ್ಲಿ."

"ಸಾರ್, ಆ ಸಿಸ್ಟಮ್ ನಾನೇ."

"ಫೋನಲ್ಲಿ ಅಂಥದ್ದೆಲ್ಲ ಮಾತಾಡಬೇಡಿ" ಎಂದು ಇಟ್ಟುಬಿಟ್ಟರು.

ಅಕ್ಕ ಅವಳ ಕೈ ಬಿಗಿಯಾಗಿ ಹಿಡಿದಿದ್ದಳು. "ಒಳಗೆ ಕರ್ಕೊಂಡು ಹೋಗುವಾಗ ನೀನು ಇರ್ತೀಯಲ್ವಾ?" "ಇರ್ತೀನಿ" ಎಂದು ಕೈ ಬಿಡಿಸಿಕೊಂಡು ಓಡಿದಳು.

ಕೋಣೆಗೆ ಬೀಗ. ಅತಿಥಿಗಳು ತಪ್ಪಿ ಇತ್ತ ಬಂದು ಎರಡು ಕಂಪ್ಯೂಟರಿನ ನಡುವೆ ಸವೆದ ನೆಲ ಕಂಡಾರೆಂದು ಸಾಹೇಬರೇ ಜಡಿದು ಕೀ ಜೇಬಿಗೆ ಹಾಕಿಕೊಂಡಿದ್ದರು. ಹೊರಗೆ ಥಳಕು, ಒಳಗೆ ಹುಳುಕು. ಅವಳು ನೇರವಾಗಿ ಹಜಾರಕ್ಕೆ ನಡೆದು, ಕೋಲು ಹಿಡಿದು ನಿಂತವರ ಮುಂದೆ ಕೈ ಚಾಚಿದಳು. "ಕೀ ಕೊಡಿ ಸಾರ್."

ಅತಿಥಿಯೊಬ್ಬರು, "ಇವರು ಯಾರು?" ಎಂದರು.

"ಕ್ಲೀನಿಂಗ್‌ನವರು" ಎಂದರು ಸಾಹೇಬರು, ಕಣ್ಣು ಮಿಟುಕಿಸದೆ.

ಇನ್ನೊಂದು ದಿನವಾಗಿದ್ದರೆ ಅವಳಿಗೆ ಎದೆಗೆ ನಾಟುತ್ತಿತ್ತು. ಈಗ ಆತನ ಕೆನ್ನೆಯ ಬೆವರು ನೋಡಿ ಹೇಸಿಗೆಯೊಂದೇ ಆಯಿತು. "ಹೌದು ಸಾರ್, ತುಂಬಾ ಕಸ ಇದೆ" ಎಂದು, ಆತ ಜೇಬಿನಿಂದ ತೆಗೆದ ಕೀ ಕಿತ್ತುಕೊಂಡಳು.

ಮೂರು ಗಂಟೆ ಐದು ನಿಮಿಷ. ಅಕ್ಕನ ಅರ್ಜಿ ಹತ್ತೊಂಬತ್ತನೆಯದು. ಬಲಗಡೆಯ ಮಹಾರಾಯ ಹಳೆಯದರಿಂದ ಹೊಸದಕ್ಕೆ ಸಾಲಾಗಿ ಮಾತ್ರ ತೆಗೆದುಕೊಳ್ಳುತ್ತಾನೆ, ಹಾರಿಸಲು ಬಿಡುವುದಿಲ್ಲ. ಅದಕ್ಕೆ ಮುಂಚಿನ ಹದಿನೆಂಟೂ ಯಾರದೋ ಅಕ್ಕ, ಯಾರದೋ ಮಗು. ಒಂದಕ್ಕೆ ಎರಡು ನಿಮಿಷದ ಮೇಲೆ. ಒಂದು ಮನೆ ನಂಬರು ತಪ್ಪಿದರೂ ಅರ್ಜಿ ಹಿಂದಕ್ಕೆ ಬರುತ್ತದೆ. ಓದಿದಳು, ಉರುಳಿದಳು, ಹೊಡೆದಳು. ಓದಿದಳು, ಉರುಳಿದಳು, ಹೊಡೆದಳು. ಗೋಡೆಯಾಚೆ ಚಪ್ಪಾಳೆ ಕೇಳಿಸಿತು. ಹಜಾರದ ದೊಡ್ಡ ಪರದೆಯಲ್ಲಿ ಬೆಳಗಿನಿಂದ ಸತ್ತು ಬಿದ್ದಿದ್ದ 'ಇತ್ಯರ್ಥವಾದ ಅರ್ಜಿಗಳ' ಎಣಿಕೆ ಈಗ ಒಂದೊಂದಾಗಿ ಏರುತ್ತಿತ್ತು. "ನೋಡಿ, ತಾನಾಗೇ" ಎನ್ನುತ್ತಿದ್ದರು ಸಾಹೇಬರು. ಇನ್ನೊಂದು ಏರಿದಾಗ ಇನ್ನೊಮ್ಮೆ ಚಪ್ಪಾಳೆ. ಥೂ, ನಿಮ್ಮ ಕೈಗಳಿಗೆ ಬೇರೆ ಕೆಲಸವಿಲ್ಲವೇ ಎಂದು ಅವಳು ಬಾಯಿಬಿಟ್ಟೇ ಅಂದಳು. ಕೈ ನಿಲ್ಲಿಸಲಿಲ್ಲ.

ಅಕ್ಕನ ಹೆಸರು ಹೊಡೆದಾಗ ಮೂರು ಐವತ್ತೆರಡು. ಒಪ್ಪಿಗೆ ಬಿದ್ದದ್ದನ್ನು ಕಣ್ಣಾರೆ ನೋಡಿ ಆಸ್ಪತ್ರೆಗೆ ಓಡಿದರೆ, ಥಿಯೇಟರಿನ ಬಾಗಿಲು ಮುಚ್ಚಿ ಕೆಂಪು ದೀಪ ಹತ್ತಿತ್ತು. ಹೊರಗಿನ ಬೆಂಚಿನ ಕೆಳಗೆ ಅಕ್ಕನ ಚಪ್ಪಲಿ ಮಾತ್ರ ಜೋಡಿಸಿಟ್ಟಿದ್ದರು.

ಕಣ್ಣು ಉಳಿಯಿತು. ಸಂಜೆ ವಾರ್ಡಿನಲ್ಲಿ ಬಲಗಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಅಕ್ಕ, ದಿಂಬಿನಡಿಯ ಫೋನು ತೆಗೆದುಕೊಟ್ಟು, "ಏನೋ ಮೆಸೇಜ್ ಬಂದಿದೆ, ಓದೇ" ಎಂದಳು.

ತಂಗಿ ಓದಿದಳು. "ನಿಮ್ಮ ಅರ್ಜಿಯನ್ನು ನಮ್ಮ ಸ್ವಯಂಚಾಲಿತ ಸೇವೆಯು ಮಾನವ ಹಸ್ತಕ್ಷೇಪವಿಲ್ಲದೆ ನಾಲ್ಕು ಸೆಕೆಂಡುಗಳಲ್ಲಿ ಇತ್ಯರ್ಥಗೊಳಿಸಿದೆ. ಅಂಕ ನೀಡಿ."

"ನಾಲ್ಕೇ ಸೆಕೆಂಡಾ! ಅದರ ಹೊಟ್ಟೆ ತಣ್ಣಗಿರ್ಲಿ. ಐದಕ್ಕೆ ಐದೂ ಒತ್ತು."

ತಂಗಿ ಒತ್ತಲಿಲ್ಲ. ಅಕ್ಕ ತೆರೆದಿದ್ದ ಒಂದು ಕಣ್ಣಿನಲ್ಲಿ ಅವಳನ್ನು ನೋಡಿದಳು.

"ಕೂಗಿದೆ ಕಣೇ ನಿನ್ನ, ಒಳಗೆ ತಳ್ಕೊಂಡು ಹೋಗುವಾಗ. ಎಲ್ಲಿಗೆ ಹೋಗಿದ್ದೆ?"

"ಆಫೀಸಿಗೆ."

"ಇವತ್ತೂನಾ?" ಎಂದು ಅಕ್ಕ ಗೋಡೆಯ ಕಡೆ ಮಗ್ಗುಲಾದಳು. "ಆ ಮಿಷನ್‌ಗೆ ಇರೋ ಕರುಳು ನಿನಗಿಲ್ಲವಲ್ಲೇ."