ಬಿಲ್ಲಕ್ಕ ಹೊಡೆದದ್ದು, ಯಜಮಾನರು ಜೋಪಾನ ಮಾಡಿದ್ದು

ಮೊಳೆ, ತಿರುಪು, ನಲ್ಲಿ, ಬಣ್ಣದ ಡಬ್ಬ ಮಾರುವ ಆ ಅಂಗಡಿಯಲ್ಲಿ ಬಿಲ್ಲು ಹಾಕುವವಳನ್ನು ಇಡೀ ಬೀದಿ ಬಿಲ್ಲಕ್ಕ ಎಂದೇ ಕರೆಯುತ್ತದೆ. ಅವಳ ಅತ್ತೆಯೂ ಹಾಗೇ ಕರೆಯುತ್ತಾಳೆ, ಆದರೆ ಮೂಗು ಮುರಿದು: "ಬಂದಳಪ್ಪ ಬಿಲ್ಲಕ್ಕ, ನಾನು ಕುಡಿದ ನೀರಿಗೂ ಬಿಲ್ಲು ಹಾಕ್ತಾಳೆ." ಅತ್ತೆ ಏನೇ ಅನ್ನಲಿ, ಮನೆ ನಡೆಯುವುದು ಆ ಬಿಲ್ಲಿನಿಂದಲೇ. ಗಂಡ ಟೈಲರ್. ಕಣ್ಣಿಗೆ ಪೊರೆ ಬಂದ ಮೇಲೆ ಸೂಜಿಗೆ ದಾರ ಪೋಣಿಸುವುದಕ್ಕೂ ಹೆಂಡತಿಯೇ ಬರಬೇಕು.

ಮೊದಲು ಅವಳು ಕೈಯಲ್ಲೇ ಬಿಲ್ಲು ಬರೆಯುತ್ತಿದ್ದಳು. ಕಂಪ್ಯೂಟರು ಬಂದಾಗ ಸ್ವಲ್ಪ ದಿನ ಅದರ ಮುಂದೆ ಹೊಸ ಸೊಸೆಯಂತೆ ಮುದುಡಿ ಕೂತಳು. ಆಮೇಲೆ ಅದಕ್ಕೇ ಅತ್ತೆಯಾದಳು. ಬೆಳಿಗ್ಗೆ ಬಂದು ಗುಂಡಿ ಒತ್ತಿ, ಪೆಟ್ಟಿಗೆಯ ಪಕ್ಕೆಗೆ ಅಂಗೈಯಿಂದ ಒಂದು ಏಟು. "ಏಳೋ ಸೋಮಾರಿ!" ಅದು ಏಳುತ್ತಿತ್ತು. ಏಟಿಲ್ಲದೆಯೂ ಏಳುತ್ತಿತ್ತೇನೋ, ಪರೀಕ್ಷೆ ಮಾಡುವ ಮನಸ್ಸು ಅವಳಿಗಿರಲಿಲ್ಲ.

ಯಜಮಾನರಿಗೆ ಈ ಲೋಕದಲ್ಲಿ ನಂಬಿಕೆಯಿರುವುದು ಹಿಂದಿನ ಕೋಣೆಯ ತಿಜೋರಿಯ ಮೇಲೆ ಮಾತ್ರ. ಅಂಗಡಿ ಮುಚ್ಚುವಾಗ ಗಲ್ಲಾಪೆಟ್ಟಿಗೆಯ ಹಣವಷ್ಟೇ ಅಲ್ಲ, ತಕ್ಕಡಿಯ ಬಟ್ಟು, ಅಳತೆಯ ಟೇಪು, ಸ್ಟೇಪ್ಲರು, ದಾರ ಕಟ್ಟಿದ ಪೆನ್ನು ಕೂಡ ಅದರೊಳಗೆ. ಬೆಳಿಗ್ಗೆ ಪೆನ್ನು ಬೇಕಾದರೆ ಬಿಲ್ಲಕ್ಕ ಕೈಚಾಚಿ ನಿಲ್ಲಬೇಕು.

ಆ ಸೋಮವಾರ ಅವಳು ಎಂದಿನಂತೆ ಗುಂಡಿ ಒತ್ತಿದಳು, ಏಟು ಕೊಟ್ಟಳು. ಪರದೆ ಬೆಳಗಿತು. ಬಿಲ್ಲಿನ ಸಾಫ್ಟ್‌ವೇರ್ ತೆರೆದರೆ ಒಂದೇ ಸಾಲು: ಅಂಗಡಿಯ ಡೇಟಾಬೇಸ್ ತೆರೆಯಲು ಆಗುತ್ತಿಲ್ಲ. ಸಾಮಾನು, ಬೆಲೆ, ದಾಸ್ತಾನು ಎಲ್ಲ ಇರುವ ಫೈಲು ಅದು. ಅದಿಲ್ಲದೆ ಯಂತ್ರಕ್ಕೆ ಮೊಳೆ ಯಾವುದು, ನಲ್ಲಿ ಯಾವುದು ಎಂಬುದೇ ಗೊತ್ತಿಲ್ಲ. ಮುಚ್ಚಿ ತೆರೆದಳು. ಅದೇ ಸಾಲು. ಅಭ್ಯಾಸದ ಕೈ, ಇನ್ನೊಂದು ಏಟು ಬಿತ್ತು. ಅಷ್ಟರಲ್ಲಿ ಯಜಮಾನರು ಹಿಂದೆ ಬಂದು ನಿಂತಿದ್ದರು.

"ಹೊಡಿ, ಇನ್ನೂ ಹೊಡಿ! ದಿನಾ ಹೊಡೆದು ಹೊಡೆದು ಕೊನೆಗೂ ಸಾಯಿಸಿದೆ."

"ಸತ್ತಿಲ್ಲ ಯಜಮಾನ್ರೇ, ದೀಪ ಉರೀತಿದೆ. ಒಳಗೆ ಏನೋ ಸಿಗ್ತಿಲ್ಲ ಅಂತಿದೆ ಅಷ್ಟೆ."

"ಹೇಗೆ ಸಿಗುತ್ತೆ? ನಿನ್ನ ಏಟಿಗೆ ಎಲ್ಲ ಉದುರಿಹೋಗಿದೆ!"

ಗಿರಾಕಿಗಳ ಸಾಲು ಬೆಳೆಯುತ್ತಿತ್ತು. ಸೋರುವ ನಲ್ಲಿಗೆ ಒಂದು ವಾಷರ್ ಬೇಕಾಗಿ ನಾನೂ ನಿಂತಿದ್ದೆ. ನನ್ನ ಮುಂದಿದ್ದ ಪ್ಲಂಬರ್, "ಕೆಳಗೆ ಗುಡಿಸಿ ನೋಡಿ ಯಜಮಾನ್ರೇ, ಉದುರಿದ್ದು ಸಿಕ್ಕರೂ ಸಿಗಬಹುದು," ಅಂದ. ಎಲ್ಲರೂ ನಕ್ಕರು. ಯಜಮಾನರು ನಗಲಿಲ್ಲ.

"ಇವತ್ತಿನೊಳಗೆ ಇದು ಸರಿಯಾಗದಿದ್ರೆ ನಾಳೆಯಿಂದ ನೀನು ಬರಬೇಡ. ಇಂಥ ಕೈ ನನ್ನ ಅಂಗಡಿಗೆ ಬೇಡ."

ಯಂತ್ರ ಓಡಿದರೆ ಕೊಂಡವನ ಜಾಣತನ, ನಿಂತರೆ ಮುಟ್ಟಿದವಳ ಪಾಪ. ಎಲ್ಲ ಕಡೆಯೂ ಇದೇ ನ್ಯಾಯ ನಡೆಯುತ್ತಿದೆ. ವಿಚಾರಣೆಗೆ ಮೊದಲೇ ಶಿಕ್ಷೆ, ಅದೂ ಬೀದಿಗೆ ಕೇಳುವಂತೆ. ಯಜಮಾನರ ಕೈಗೆ ಮೈಕು ಸಿಕ್ಕಿರಲಿಲ್ಲ, ಅದೊಂದೇ ಪುಣ್ಯ.

ಬಿಲ್ಲಕ್ಕನ ಕಿವಿ ಕೆಂಪಾಯಿತು. ಸಾಫ್ಟ್‌ವೇರಿನವರ ಸಹಾಯವಾಣಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು. ಅತ್ತಲಿನ ಹುಡುಗಿ ಅಲ್ಲಿ ಒತ್ತಿ, ಇಲ್ಲಿ ಒತ್ತಿ ಎಂದು ಹೇಳಿ ಫೈಲು ಇರಬೇಕಾದ ಫೋಲ್ಡರು ತೆರೆಸಿದಳು.

"ಏನಿದೆ ಮೇಡಂ?"

"ಏನಿಲ್ಲಮ್ಮ. ಬಾಡಿಗೆಯವರು ಬಿಟ್ಟು ಹೋದ ಮನೆ ಥರ ಖಾಲಿ. ಪೆಟ್ಟಿಗೆಗೆ ಹೊಡೆದ್ರೆ ಹೀಗಾಗುತ್ತಾ?"

"ಅಯ್ಯೋ, ಹೊಡೀಬೇಡಿ ಮೇಡಂ, ಪೂರ್ತಿ ಕೆಟ್ಟುಹೋಗಬಹುದು. ಆದ್ರೆ ಹೊಡೆತಕ್ಕೆ ಹೆದರಿ ಇದೊಂದೇ ಫೈಲು ಎದ್ದು ಹೋಗಲ್ಲ. ಯಾರೋ ತೆಗೆದಿದಾರೆ."

"ಕೇಳಿಸ್ಕೊಂಡ್ರಾ!" ಎಂದು ಯಜಮಾನರು ಗಿರಾಕಿಗಳತ್ತ ತಿರುಗಿದರು.

"ಸಾರ್, ಯಾರಾದ್ರೂ ಅಳಿಸಿದ್ರಾ?"

"ಇಲ್ಲ."

"ಬೇರೆ ಕಡೆ ಹಾಕಿದ್ರಾ?"

"ಯಾರು ಹಾಕ್ತಾರಮ್ಮ? ಅದನ್ನ ಯಾರೂ ಮುಟ್ಟೋಕೇ ಆಗಲ್ಲ."

"ಅಷ್ಟು ಗ್ಯಾರಂಟಿಯಾಗಿ ಹೇಗೆ ಹೇಳ್ತೀರಿ?"

"ನಾನೇ ನಿನ್ನೆ ಅದನ್ನ ತಿಜೋರೀಲಿಟ್ಟು ಬೀಗ ಹಾಕಿದೀನಲ್ಲ!"

ಬಿಲ್ಲಕ್ಕ ಕುರ್ಚಿ ಸಮೇತ ಅವರತ್ತ ತಿರುಗಿದಳು.

ಆದದ್ದಿಷ್ಟು. ಹಿಂದಿನ ವಾರ ಬಂದಿದ್ದ ಸಾಫ್ಟ್‌ವೇರಿನವನು, "ನಿಮ್ಮ ಇಡೀ ಅಂಗಡಿ ಈ ಫೈಲಲ್ಲಿದೆ, ಪೆನ್‌ಡ್ರೈವ್‌ಗೆ ಒಂದು ಕಾಪಿ ಮಾಡಿ ಜೋಪಾನವಾಗಿಡಿ," ಎಂದು ಹೇಳಿಹೋಗಿದ್ದ. ಯಜಮಾನರು ಯೋಚಿಸಿದರು: ನಕಲು ಬೀಗದೊಳಗೆ, ಅಸಲು ಹೊರಗೆ! ಕಳ್ಳನಿಗೆ ಆರತಿ ಎತ್ತಿ ಕರೆದಂತೆ! ಅಳಿಯನಿಂದ ಕಲಿತಿದ್ದ ಒಂದೇ ಒಂದು ವಿದ್ಯೆ ಕಟ್ ಮಾಡಿ ಪೇಸ್ಟ್ ಮಾಡುವುದು. ಹಾಗೆಯೇ ಅಸಲನ್ನೇ ಕತ್ತರಿಸಿ ಪೆನ್‌ಡ್ರೈವಿಗೆ ಹಾಕಿ, ತಿಜೋರಿಯಲ್ಲಿ ಸ್ಟೇಪ್ಲರಿನ ಪಕ್ಕ ಮಲಗಿಸಿದ್ದರು.

"ಮನೆಪತ್ರ ತಿಜೋರೀಲಿಟ್ಟರೆ ಮನೆ ಬೀಳುತ್ತೇನ್ರೀ?" ಎಂದರು, ಈಗಲೂ ಧೈರ್ಯದಿಂದ.

"ನೀವಿಟ್ಟಿದ್ದು ಪತ್ರ ಅಲ್ಲ ಯಜಮಾನ್ರೇ," ಅಂದ ಪ್ಲಂಬರ್, "ಮನೇನೇ ಎತ್ತಿ ಒಳಗಿಟ್ಟಿದೀರಿ."

ಪೆನ್‌ಡ್ರೈವ್ ಬಂತು. "ಈ ಸಲ ಕಟ್ ಬೇಡ ಮೇಡಂ, ಕಾಪಿ," ಎಂದು ಫೋನಿನ ಹುಡುಗಿ ಎರಡೆರಡು ಬಾರಿ ಹೇಳಿದಳು. ಫೈಲು ತನ್ನ ಜಾಗಕ್ಕೆ ಮರಳಿತು, ಮೊಳೆ ನಲ್ಲಿಗಳ ಹೆಸರುಗಳು ಸಾಲಾಗಿ ಬಂದು ನಿಂತವು.

"ಸರಿ ಸರಿ, ಬಿಲ್ಲು ಹಾಕು. ಜನ ಕಾಯ್ತಿದಾರೆ."

ಬಿಲ್ಲಕ್ಕ ಕೈಕಟ್ಟಿ ಕೂತಳು. "ಹಾಕ್ತೀನಿ. ಇವರ ಮುಂದೆ ಅಂದಿದ್ದನ್ನ ಇವರ ಮುಂದೆಯೇ ವಾಪಸ್ ತಗೊಳ್ಳಿ."

"ಮೆಷಿನ್ ಅಂದ ಮೇಲೆ ಹೀಗೆಲ್ಲ ಇದ್ದದ್ದೇ. ಯಾರ ತಪ್ಪೂ ಅಲ್ಲಮ್ಮ."

"ಆಗ ನನ್ನ ತಪ್ಪಾಗಿತ್ತು. ಈಗ ಯಾರದೂ ಅಲ್ವಾ? ನಾಳೆ ಈ ಬೀದೀಲಿ ನನ್ನನ್ನ ಏನಂತಾರೆ? ಫೈಲು ಕದ್ದವಳು ಅಂತ ತಾನೇ?"

ಯಜಮಾನರು ಗಿರಾಕಿಗಳ ಮುಖ ನೋಡಿದರು. ಯಾರೂ ಕದಲಲಿಲ್ಲ. ನನ್ನ ಹಿಂದಿದ್ದ ಪೇಂಟರ್ ಡಬ್ಬ ಕೆಳಗಿಟ್ಟು ಅದರ ಮೇಲೇ ಕೂತ.

"ಇವಳದೇನೂ ತಪ್ಪಿಲ್ಲ. ತೆಗೆದಿದ್ದು ನಾನು," ಎಂದರು, ಮೀಸೆಯೊಳಗೆ.

"ಕೇಳಿಸ್ಲಿಲ್ಲ. ಆಗಿನ ಗಂಟಲಲ್ಲೇ ಹೇಳಿ," ಎಂದೆ ನಾನು.

ಹೇಳಿದರು. ರಸ್ತೆಯಾಚೆಯ ಸೈಕಲ್ ರಿಪೇರಿಯವನೂ ತಲೆಯೆತ್ತಿ ನೋಡಿದ. ಬಿಲ್ಲಕ್ಕ ಕೀಲಿಮಣೆ ಹತ್ತಿರ ಎಳೆದುಕೊಂಡಳು.

ನಾನು ಒಯ್ದ ವಾಷರ್ ಅಳತೆ ತಪ್ಪಿತ್ತು. ಬದಲಾಯಿಸಲು ಹೋದಾಗ ಅಂಗಡಿ ಮುಚ್ಚುತ್ತಿತ್ತು. ಬಟ್ಟು, ಟೇಪು ತಿಜೋರಿ ಸೇರಿಯಾಗಿತ್ತು. ಯಜಮಾನರು ಕಂಪ್ಯೂಟರಿನ ತಲೆಯ ಮೇಲೆ ಕೈಯಿಟ್ಟು ನಿಂತಿದ್ದರು.

"ಅಸಲನ್ನ ಹೀಗೇ ಹೊರಗೆ ಬಿಟ್ಟು ಹೋಗೋದಾ?"

"ನನ್ನನ್ನೂ ದಿನಾ ಹೊರಗೇ ಬಿಡ್ತೀರಲ್ಲ ಯಜಮಾನ್ರೇ," ಎಂದು ಬಿಲ್ಲಕ್ಕ ಚೀಲ ಹೆಗಲಿಗೇರಿಸಿದಳು. "ಬೆಳಿಗ್ಗೆ ನಾನು ಬರಲ್ವಾ?"

ಯಜಮಾನರು ತಿಜೋರಿಯವರೆಗೆ ಹೋಗಿದ್ದ ಪೆನ್ನನ್ನು ತಂದು ಅವಳ ಮೇಜಿನ ಮೇಲಿಟ್ಟರು. ಸ್ಟೇಪ್ಲರು ಮಾತ್ರ ಒಳಗೇ ಹೋಯಿತು.